ಗಾಡಿಗೆ ಎಲ್‌ಇಡಿ ಹಾಕಿಸಿದ ಚಳಿಗಾಲ

ಆ ವರ್ಷ ದೀಪಾವಳಿ ಮುಗಿದದ್ದೇ ನನ್ನ ಗಾಡಿಯ ಹೆಡ್‌ಲೈಟಿನ ಮೇಲೆ ನನಗೆ ವಿಪರೀತ ಸಿಟ್ಟು ಬರತೊಡಗಿತು.

ನಾನು ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಪಶುವೈದ್ಯ ಪರೀಕ್ಷಕನಾಗಿದ್ದೆ. ಮನೆ ಇಳಕಲ್ಲಿನಲ್ಲಿ. ಡಾಕ್ಟರಿಕೆ ಓದಿದವನಲ್ಲ, ಆದರೂ ಹಳ್ಳಿಯವರ ಬಾಯಲ್ಲಿ ನಾನು ದನದ ಡಾಕ್ಟರೇ. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ, ಎತ್ತು ಹೊಟ್ಟೆಯುಬ್ಬಿ ಮಲಗಿದೆ ಎಂದು ಫೋನು ಬರುತ್ತಿದ್ದುದು ಹೆಚ್ಚಾಗಿ ಸಂಜೆಗೇ. ದನ ಹೊಲದಿಂದ ಮನೆಗೆ ಬಂದು ಕಣ್ಣೆದುರು ನಿಂತಾಗಲೇ ಅದಕ್ಕೇನಾಗಿದೆ ಎಂಬುದು ಯಾರಿಗಾದರೂ ತಿಳಿಯುವುದು. ಹೀಗಾಗಿ ನೌಕರಿ ಸೇರಿದಾಗಿನಿಂದ ಕತ್ತಲಾದ ಮೇಲೆಯೇ ಮನೆ ಮುಟ್ಟುವುದು ನನಗೆ ರೂಢಿಯಾಗಿತ್ತು. ಹುನಗುಂದದಿಂದ ಇಳಕಲ್ಲಿಗೆ ಬರುವ ರಸ್ತೆಯ ಒಂದೊಂದು ತಗ್ಗೂ ನನಗೆ ಗೊತ್ತಿತ್ತು.

ಆ ಚಳಿಗಾಲದಲ್ಲಿ ಅದೇ ತಗ್ಗುಗಳಿಗೆ ನಾನು ಬೀಳತೊಡಗಿದೆ. ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆ, ಮಣ್ಣು ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿಯದಾಯಿತು. ಇಳಕಲ್ಲಿನ ಕಲ್ಲುಗಣಿಗಳಿಂದ ದೊಡ್ಡ ದೊಡ್ಡ ಬಂಡೆ ಹೇರಿಕೊಂಡು ಬರುವ ಲಾರಿಗಳು ಎದುರಾದರೆ ಸಾಕು, ಅವು ದಾಟಿ ಹೋದ ಮೇಲೂ ಬಹಳ ಹೊತ್ತು ನನಗೆ ಏನೂ ಕಾಣುತ್ತಿರಲಿಲ್ಲ. ಒಂದು ಸಂಜೆ ರಸ್ತೆ ಬದಿಗೆ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ನನ್ನ ಮೊಣಕಾಲು ಸವರಿಕೊಂಡು ಹೋಯಿತು. ಒಂದು ಗೇಣು ಆಚೀಚೆಯಾಗಿದ್ದರೆ ಕಾಲು ಉಳಿಯುತ್ತಿರಲಿಲ್ಲ. ಮನೆಗೆ ಬಂದು ಹರಿದ ಪ್ಯಾಂಟು ಬಿಚ್ಚುತ್ತಾ ಹೆಂಡತಿಗೆ ಹೇಳಿದೆ:

"ಲೈಟ್ ಏನೂ ಉಪಯೋಗ ಇಲ್ಲ. ಮೇಣಬತ್ತಿ ಹಚ್ಚಿಕೊಂಡು ಬಂದಂಗ ಆಗ್ತದ."

ಅವಳು ಗಾಯಕ್ಕೆ ಅರಿಷಿಣ ಒತ್ತುತ್ತಾ ನನ್ನ ಮುಖವನ್ನೇ ನೋಡಿದಳು. "ಗಾಡೀನ ಬಿಟ್ಟು ಬಸ್ಸಿಗೆ ಹೋಗಾಕ ಬರೂದಿಲ್ಲೇನ್ರಿ?" ಎಂದಳು.

"ಬಸ್ಸು ದನದ ಕೊಟ್ಟಿಗಿಗೆ ಬರ್ತದೇನು?" ಎಂದು ರೇಗಿದೆ.

ನನ್ನ ಸಿಟ್ಟಿಗೆ ಕಾರಣವೂ ಇತ್ತು. ಗಾಡಿ ಬಹಳ ಹಳೆಯ ಬೈಕು. ಅದರ ದೀಪ ಇಂಜಿನ್ನಿನಿಂದಲೇ ಕರೆಂಟು ಎಳೆದುಕೊಂಡು ಉರಿಯುವಂಥದು. ರೇಸ್ ಕೊಟ್ಟರೆ ಬೆಳಕು ಏರುತ್ತದೆ, ನಿಧಾನ ಮಾಡಿದರೆ ಇಳಿಯುತ್ತದೆ. ತಗ್ಗು ಬಂತೆಂದು ನಿಧಾನ ಮಾಡಿದಾಗಲೇ ದೀಪ ಕಣ್ಣು ಮುಚ್ಚುತ್ತಿತ್ತು. ಇಂಥ ಗಾಡಿ ಓಡಿಸುವವನಿಗೆ ಬೇರೆ ಕಾರಣ ಹುಡುಕುವ ಅಗತ್ಯವೇನಿದೆ?

ಮರುದಿನ ಬೆಳಿಗ್ಗೆಯೇ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ನನ್ನ ವಯಸ್ಸಿನವನೇ, ಮಾತು ಜಾಸ್ತಿ. ಹಿಂದಿನ ಓಣಿಯಲ್ಲಿ ಮಗ್ಗಗಳ ಸದ್ದು ಇಡೀ ದಿನ ಇರುವುದರಿಂದ ಅವನು ಎಲ್ಲವನ್ನೂ ಕೂಗಿಯೇ ಹೇಳುತ್ತಾನೆ. ಹೆಡ್‌ಲೈಟಿನ ಡೂಮ್ ಬಿಚ್ಚಿ ಬಲ್ಬನ್ನು ಹೊರತೆಗೆದು ಬಿಸಿಲಿಗೆ ಹಿಡಿದ.

"ಬಲ್ಬ್ ಏನೂ ಆಗಿಲ್ರಿ ಸಾಹೇಬ್ರ. ಸ್ವಲ್ಪ ಹೊಟ್ಟಿ ಕರ್ರಗಾಗೈತಿ ಅಷ್ಟ."

"ಕಾಣವಲ್ದಪಾ ನನಗ. ಎಲ್‌ಇಡಿ ಹಾಕಿಬಿಡು. ಎಲ್ಲಾರೂ ಹಾಕಸಾಕತ್ತಾರ."

"ಹಾಕೂಣು. ಆದ್ರ ಹಂಗ ಸಿಗಿಸಿದ್ರ ನಡಿಯೂದಿಲ್ಲ, ಮಿಣಮಿಣ ಮಿಣಕತೈತಿ. ಲೈಟಿನ ವೈರು ಬ್ಯಾಟರಿಗೆ ತರಬೇಕು. ಅರ್ಧ ದಿನದ ಕೆಲಸ."

ಅರ್ಧ ದಿನ ನಾನು ಅಲ್ಲೇ ಟಯರಿನ ಮೇಲೆ ಕೂತು ನೋಡಿದೆ. ಅವನು ಹ್ಯಾಂಡಲಿನ ಕೆಳಗಿನ ವೈರುಗಳನ್ನೆಲ್ಲ ಹರಡಿ, ಒಂದನ್ನು ಕತ್ತರಿಸಿ, ಇನ್ನೊಂದನ್ನು ಸೀಟಿನ ಅಡಿಯ ಬ್ಯಾಟರಿಗೆ ಎಳೆದ. ಹೊಸ ಬಲ್ಬಿನ ಬೆನ್ನಿಗೆ ಬೆರಳಿನಷ್ಟು ಅಗಲದ ಫ್ಯಾನು ಇತ್ತು. ಬಿಸಿಯಾಗಬಾರದು ಎಂದು ಅದು ತನಗೆ ತಾನೇ ಗಾಳಿ ಹಾಕಿಕೊಳ್ಳುತ್ತದಂತೆ. ಹಳೆಯ ರಬ್ಬರಿನ ಟೋಪಿ ಅದಕ್ಕೆ ಕೂರದೆ, ಬ್ಲೇಡಿನಿಂದ ಕೊರೆದು ಕೂರಿಸಿದ. ಕೊನೆಗೆ ಶಟರು ಅರ್ಧ ಎಳೆದು, ನೆರಳಾದ ಗೋಡೆಗೆ ಗಾಡಿಯ ಮೂತಿ ತಿರುಗಿಸಿ ಸ್ವಿಚ್ ಒತ್ತಿದ. ಗೋಡೆಯ ಮೇಲೆ ಬೆಳ್ಳಗೆ ಬೆಳಕು ಬಿತ್ತು. ಚಹಾ ಕುಡಿಯುತ್ತ ನಿಂತಿದ್ದವರೊಬ್ಬರು, "ಹಗಲs ಮಾಡಿಬಿಟ್ಟೀರಲ್ರಿ!" ಎಂದರು. ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಇಷ್ಟಕ್ಕೇ ಇಷ್ಟು ದಿನ ಹೆದರಿ ಸತ್ತೆನಲ್ಲ ಎಂದುಕೊಂಡೆ.

ಮೊದಲ ಸಂಜೆ ಆ ಖುಷಿ ಇತ್ತು. ನಟ್ಟನಡುವೆ ರಸ್ತೆಯ ಡಾಂಬರಿನ ಹರಳು ಹರಳೂ ಕಂಡಿತು. ಆದರೆ ಅದರ ಆಚೀಚೆ ಮೊದಲಿಗಿಂತ ಗಾಢವಾದ ಕಪ್ಪು. ಬೆಳಕಿನ ತುಂಡೊಂದು ಮುಂದೆ ಮುಂದೆ ಓಡುತ್ತಿದೆ, ನಾನು ಅದರ ಹಿಂದೆ ಕೊಳವೆಯೊಳಗೆ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಎದುರಿಗೆ ಬಂದವರು ಬೈದರು. "ಲೇ, ಡಿಪ್ಪರ್ ಹೊಡಿಯೋ, ಕಣ್ಣ ಕಳೀತಿ ಏನು!" ಎಂದು ಒಬ್ಬ ಗಾಡಿ ನಿಲ್ಲಿಸಿಯೇ ಕೂಗಿದ. ನಾನು ಮತ್ತೆ ಮಿಸ್ತ್ರಿಯ ಹತ್ತಿರ ಹೋಗಿ ದೀಪವನ್ನು ಸ್ವಲ್ಪ ತಗ್ಗಿಸಿದೆ. ಸಾಲಲಿಲ್ಲ, ಏರಿಸಿದೆ. ಅದೂ ಸಾಲಲಿಲ್ಲ. ಬಿಳಿ ಬೆಳಕು ಧೂಳಿನಲ್ಲಿ ಕರಗಿಹೋಗುತ್ತದೆ, ಹಳದಿಯೇ ಒಳ್ಳೆಯದು ಎಂದು ಯಾರೋ ಹೇಳಿದ್ದನ್ನು ಕೇಳಿ, ಮುಂದಿನ ಗಾರ್ಡಿಗೆ ಎರಡು ಹಳದಿ ಲ್ಯಾಂಪು ಬೇರೆ ಕಟ್ಟಿಸಲು ಹೋದೆ.

"ಸಾಹೇಬ್ರ, ಇನ್ನೂ ಬೆಳಕ ಹಚ್ಚಿದ್ರ ಎದರಿನವ್ರು ಹಳ್ಳಕ್ಕ ಬೀಳ್ತಾರ" ಎಂದು ಮಿಸ್ತ್ರಿ ನಕ್ಕ.

"ನಾ ಬೀಳೂದು ಚಲೋ ಏನು?" ಎಂದೆ. ನಗುತ್ತ ಹೇಳಬೇಕೆಂದಿದ್ದೆ, ಧ್ವನಿ ಬೇರೆಯೇ ಆಗಿ ಹೊರಬಂತು. ಅವನು ಲ್ಯಾಂಪು ಕಟ್ಟಿಕೊಟ್ಟ.

ಅಲ್ಲಿಂದ ನನ್ನ ದಿನಗಳು ಚಿಕ್ಕವಾಗತೊಡಗಿದವು. ಮಧ್ಯಾಹ್ನ ಊಟ ಮಾಡುವಾಗಲೇ ಹೊತ್ತು ಎಲ್ಲಿದೆ ಎಂದು ನೋಡುತ್ತಿದ್ದೆ. ನಾಲ್ಕು ಗಂಟೆಯ ನಂತರ ಫೋನು ಬಂದರೆ ಬಾಗಲಕೋಟೆಯಲ್ಲಿ ಮೀಟಿಂಗಿದೆ ಎನ್ನುತ್ತಿದ್ದೆ, ಮೈಯಲ್ಲಿ ಹುಷಾರಿಲ್ಲ ಎನ್ನುತ್ತಿದ್ದೆ. ಹೀಗೆ ಹೇಳಿದ ಸುಳ್ಳುಗಳನ್ನು ನೆನಪಿಟ್ಟುಕೊಳ್ಳುವುದೇ ಒಂದು ಕೆಲಸವಾಯಿತು. ಮದುವೆ ಮನೆಗಳಿಗೆ ಹೋದರೆ ಜಗಮಗ ದೀಪದಿಂದ ಊಟದ ಪೆಂಡಾಲಿನ ಮಂದ ಬೆಳಕಿಗೆ ಬಂದೊಡನೆ ನಿಂತುಬಿಡುತ್ತಿದ್ದೆ. ಯಾರಾದರೂ ಕೈ ಕುಲುಕಲು ಕೈ ಚಾಚಿದರೆ ಆ ಕೈ ನನಗೆ ಕಾಣುತ್ತಿರಲಿಲ್ಲ. ಅವರ ಮುಖ ನೋಡಿಕೊಂಡು ಸುಮ್ಮನೆ ನಿಂತಿರುತ್ತಿದ್ದೆ. ನನಗೆ ಸೊಕ್ಕು ಬಂದಿದೆ ಎಂದು ನೆಂಟರಲ್ಲಿ ಮಾತಾಯಿತೆಂದು ಹೆಂಡತಿ ಬಂದು ಹೇಳಿದಳು. ಸೊಕ್ಕೇ ಇರಲಿ ಎಂದುಕೊಂಡೆ. ಸೊಕ್ಕಿನವನೆನ್ನಿಸಿಕೊಳ್ಳುವುದು ಎಷ್ಟೋ ವಾಸಿ ಅನ್ನಿಸಿತ್ತು, ಆದರೆ ಯಾವುದಕ್ಕಿಂತ ವಾಸಿ ಎಂದು ನನ್ನನ್ನೇ ಕೇಳಿಕೊಳ್ಳಲು ಹೋಗಲಿಲ್ಲ.

ಜೋಳ ತೆನೆ ಹಿಡಿದಿದ್ದ ದಿನಗಳು. ಮರೋಳದ ಕಡೆಯ ಒಂದು ತೋಟದ ಮನೆಯಿಂದ ಹೆಣ್ಣುಮಗಳೊಬ್ಬಳು ಫೋನು ಮಾಡಿದಳು. ಈದ ಎಮ್ಮೆ ನೆಲ ಹಿಡಿದಿದೆ, ಕುತ್ತಿಗೆ ಹೊರಳಿಸಿ ಮಲಗಿದೆ, ಏಳುತ್ತಿಲ್ಲ. "ಲಗೂನ ಬರ್ರಿ ಡಾಕ್ಟ್ರ, ಕರಾ ಇನ್ನೂ ಹಾಲs ಕುಡದಿಲ್ಲ" ಎಂದಳು. ಕೇಳಿದ ಕೂಡಲೇ ಸುಣ್ಣದಂಶ ಇಳಿದಿದೆ ಎಂದು ತಿಳಿಯಿತು. ತಡ ಮಾಡಿದರೆ ಎಮ್ಮೆ ಉಳಿಯುವುದಿಲ್ಲ. ಇನ್ನೂ ಬಿಸಿಲಿತ್ತು. ಹೋಗಿ ಬಂದುಬಿಡಬಹುದು ಎಂದು ಹೊರಟೆ.

ಅದಕ್ಕೆ ಕೊಡುವ ಕ್ಯಾಲ್ಸಿಯಂ ಔಷಧವನ್ನು ನರಕ್ಕೆ ಅವಸರದಲ್ಲಿ ಬಿಡಲು ಬರುವುದಿಲ್ಲ. ಹನಿ ಹನಿಯಾಗಿಯೇ ಬಿಡಬೇಕು, ಇಲ್ಲವಾದರೆ ಗುಂಡಿಗೆ ನಿಂತುಹೋಗುತ್ತದೆ. ಬಾಟಲಿ ಎತ್ತಿ ಹಿಡಿದು ನಿಂತವನಿಗೆ ಎಮ್ಮೆಯ ಬೆನ್ನಿನಾಚೆ ಗೋಡೆಯ ಮೇಲಿನ ಬಿಸಿಲು ಏರುತ್ತಾ ಹೋಗಿ ಹಂಚು ಮುಟ್ಟಿದ್ದು ಕಾಣುತ್ತಿತ್ತು. ಓಡಿಹೋಗಬೇಕು ಅನ್ನಿಸುತ್ತಿತ್ತು. ಕೈಯಲ್ಲಿ ಬಾಟಲಿ ಹಿಡಿದು ಎಲ್ಲಿಗೆ ಓಡುವುದು? ಕೊನೆಗೆ ಎಮ್ಮೆ ನಡುಗಿತು, ಬಾಯಾಡಿಸಿತು, ಮುಂಗಾಲೂರಿ ಎದ್ದು ನಿಂತಿತು. ಆ ಹೆಣ್ಣುಮಗಳು ಅಳುತ್ತಾ ನಗುತ್ತಾ, "ಚಾ ಕುಡದs ಹೋಗ್ಬೇಕ್ರಿ" ಎಂದು ಒಲೆ ಹಚ್ಚಿದಳು. ಬೇಡವೆನ್ನಲು ಬಾಯಿ ಬರಲಿಲ್ಲ. ಚಹಾ ಮುಗಿಸಿ ಅಂಗಳಕ್ಕೆ ಬಂದಾಗ ಬಿಸಿಲು ಎಲ್ಲೂ ಇರಲಿಲ್ಲ.

ದೊಡ್ಡ ರಸ್ತೆ ಹಿಡಿದರೆ ಲಾರಿಗಳು ಎದುರಾಗುತ್ತವೆ. ಅದಕ್ಕೇ ನೀರಾವರಿ ಪೈಪು ಹಾದುಹೋಗುವ ಹೊಲದ ದಾರಿಯಲ್ಲಿ ಗಾಡಿ ಹಾಕಿದೆ. ಪಡುವಣದಲ್ಲಿ ಇನ್ನೂ ಕೆಂಪು ಇತ್ತು. ಎಲ್‌ಇಡಿಯ ಜೊತೆಗೆ ಎರಡೂ ಹಳದಿ ಲ್ಯಾಂಪು ಹಚ್ಚಿ, ರಸ್ತೆಯ ನಡುವನ್ನೇ ನೋಡುತ್ತಾ ನಡಿಗೆಯ ವೇಗದಲ್ಲಿ ಬಂದೆ. ತಿರುವೊಂದರಲ್ಲಿ ಟ್ರ್ಯಾಕ್ಟರು ಎದುರಾಯಿತು. ಅದರ ದೀಪ ಕಣ್ಣಿಗೆ ಹೊಡೆಯಿತು. ಬ್ರೇಕ್ ಹಾಕಿ ನಿಂತೆ. ಟ್ರ್ಯಾಕ್ಟರು ಸದ್ದು ಮಾಡುತ್ತಾ ಪಕ್ಕದಲ್ಲಿ ದಾಟಿಹೋಯಿತು. ಕಣ್ಣು ಮತ್ತೆ ಹೊಂದಿಕೊಳ್ಳಲಿ ಎಂದು ಕಾಯುತ್ತಾ ನಿಂತೆ. ಅದು ಹೊಂದಿಕೊಳ್ಳಲೇ ಇಲ್ಲ.

ಮುಂದೆ ಬಟ್ಟಲಿನ ಬಾಯಿಯಷ್ಟು ಬಿಳಿ. ಅದರ ಸುತ್ತ ಏನೂ ಇಲ್ಲ. ಎಡಗಾಲು ಊರಲು ಹೋದೆ, ನೆಲ ಸಿಗಲಿಲ್ಲ. ಗಾಡಿ ವಾಲಿತು. ಮೈಯೆಲ್ಲ ಬಿಗಿ ಹಿಡಿದು ಹೇಗೋ ನಿಲ್ಲಿಸಿದೆ. ನಾನು ದಾರಿಯ ಅಂಚಿನಲ್ಲೇ ಇದ್ದೆ, ಪಕ್ಕದಲ್ಲಿ ತಗ್ಗಿತ್ತು, ಅದು ಎಷ್ಟು ಆಳವೆಂದು ಗೊತ್ತಿರಲಿಲ್ಲ. ಮುಂದೆ ಹೋಗಲಾರೆ, ಗಾಡಿ ತಿರುಗಿಸಲಾರೆ, ಇಳಿಯಲೂ ಭಯ. ಹೆಬ್ಬೆರಳಿನಿಂದಲೇ ಹ್ಯಾಂಡಲಿನ ಬಟನ್ ಒತ್ತಿ ಇಂಜಿನ್, ದೀಪ ಬಂದ್ ಮಾಡಿದೆ. ಕತ್ತಲೆ ಒಮ್ಮೆಗೇ ಮೈಮೇಲೆ ಬಂದು ಕೂತಿತು. ಎರಿ ಹೊಲದ ಕಪ್ಪು ಮಣ್ಣಿನ ವಾಸನೆ, ಜೋಳದ ಎಲೆಗಳ ಸರಸರ, ದೂರದಲ್ಲಿ ಪಂಪಿನ ಸದ್ದು. ಎಲ್ಲವೂ ನನಗೆ ಗೊತ್ತಿದ್ದವೇ, ಎಲ್ಲವೂ ಹತ್ತಿರವೇ ಇದ್ದವು. ಆದರೂ ಬಾವಿಯೊಳಗೆ ಬಿದ್ದವನ ಹಾಗೆ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ನಿಂತಿದ್ದೆ. ಜೇಬಿನ ಫೋನು ತೆಗೆಯಬೇಕೆಂದರೆ ಒಂದು ಕೈ ಬಿಡಬೇಕು. ಬಿಡಲು ಧೈರ್ಯ ಬರಲಿಲ್ಲ. ಹೆಬ್ಬೆರಳಿನಿಂದಲೇ ಮತ್ತೆ ಇಂಜಿನ್ ಶುರು ಮಾಡಿ ದೀಪ ಹಚ್ಚಿದೆ. ಅದೇ ಬಟ್ಟಲು, ಅದೇ ಬಿಳಿ.

ನಾಯಿಗಳು ಬೊಗಳಿದವು. ಹೊಲದ ಕಡೆಯಿಂದ ಒಂದು ಬ್ಯಾಟರಿಯ ಬೆಳಕು ಕುಣಿಯುತ್ತಾ ಬಂತು.

"ಯಾರ್ರಿ ಅದು? ಯಾಕ ನಿಂತೀರಿ?"

ಧ್ವನಿ ಗುರುತು ಹತ್ತಿತು. ಕಟಾವಾದ ಹೊಲಗಳಲ್ಲಿ ಕುರಿ ನಿಲ್ಲಿಸುತ್ತಾ ಊರಿಂದೂರಿಗೆ ಹೋಗುವ ವಯಸ್ಸಾದ ಕುರಿಗಾರ. ಅವನ ಕುರಿಗಳಿಗೆ ನಾನೇ ಲಸಿಕೆ ಹಾಕಿದ್ದೆ. ಅವನಿಗೂ ನನ್ನ ಗುರುತಾಯಿತು.

"ಅಯ್ಯ, ದನದ ಡಾಕ್ಟ್ರು! ಗಾಡಿ ಕೆಟ್ಟೈತೇನ್ರಿ?"

"ಪೆಟ್ರೋಲ್ ಮುಗದೈತಿ" ಎಂದೆ. ಇಂಜಿನ್ ಇನ್ನೂ ಓಡುತ್ತಲೇ ಇತ್ತು.

ಅವನು ಮೆಲ್ಲಗೆ ಕೈ ಚಾಚಿ ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡಿದ. ನಾನು ಇಳಿದ ಮೇಲೆ ಗಾಡಿಯನ್ನು ದಾರಿಯ ನಡುವಿಗೆ ಎಳೆದು ಸ್ಟ್ಯಾಂಡ್ ಹಾಕಿದ. "ಬರ್ರಿ, ನಮ್ಮ ಬಿಡಾರ ಇಲ್ಲೇ ಐತಿ, ಕುಂದ್ರುವಂತ್ರಿ" ಎಂದು ಮುಂದೆ ನಡೆದ. ನಾನು ನಿಂತಲ್ಲೇ ನಿಂತಿದ್ದೆ. ಅವನ ಹೆಜ್ಜೆಯ ಸದ್ದು ಸ್ವಲ್ಪ ದೂರ ಹೋಗಿ ನಿಂತಿತು, ಮರಳಿ ಬಂತು. ನನ್ನ ಮಣಿಕಟ್ಟು ಹಿಡಿದುಕೊಂಡು, "ಇಲ್ಲಿ ಬದುವೈತಿ, ಕಾಲೆತ್ತಿ ಇಡ್ರಿ" ಎನ್ನುತ್ತಾ ಕರೆದುಕೊಂಡು ಹೋದ.

ಅವನ ಹೆಂಡತಿ ಕಂಬಳಿ ಹಾಸಿ ಕೂರಿಸಿದಳು. ಒಲೆಯ ಬೆಂಕಿ ನನಗೆ ಕಾಣುತ್ತಿತ್ತು, ಅವಳ ಮುಖ ಕಾಣುತ್ತಿರಲಿಲ್ಲ. ರೊಟ್ಟಿ ತಟ್ಟುವ ಸದ್ದು ನಿಲ್ಲಿಸಿ ಕೇಳಿದಳು:

"ಕಣ್ಣಾಗ ಏನರ ಬಿದ್ದೈತೇನ್ರಿ ಅಣ್ಣಾ?"

"ಇಲ್ಲವ್ವ. ಗಾಡಿದು ಬೆಳಕು ಕಡಿಮಿ."

"ಕಡಿಮಿ ಏನ್ ಬಂತು!" ಎಂದು ಅವಳು ಮನಸಾರೆ ನಕ್ಕಳು. "ಅಷ್ಟ ದೂರದಿಂದ ನಿಮ್ಮ ಬೆಳಕ ಬಡದು ನಮ್ಮ ಕುರಿ ಎಲ್ಲಾ ಎದ್ದ ನಿಂತಾವು. ಹೊತ್ತ ಹೊಂಟಿತೇನೋ ಅಂತ ಮಾಡ್ಯಾವು."

ನಾನೂ ನಗಲು ಪ್ರಯತ್ನಿಸಿದೆ. ಸುತ್ತಲೂ ಬಲೆಯೊಳಗೆ ನಿಂತ ಕುರಿಗಳು ಉಸಿರಾಡುವುದು, ಸೀನುವುದು ಕೇಳುತ್ತಿತ್ತು. ಅವುಗಳ ಬಲೆಗೂ ನನ್ನ ಕಂಬಳಿಗೂ ಹೆಚ್ಚಿನ ವ್ಯತ್ಯಾಸ ನನಗೆ ಕಾಣಲಿಲ್ಲ. ಕುರಿಗಾರನ ಕೈಗೆ ಫೋನು ಕೊಟ್ಟು ಮನೆಗೆ ಹಚ್ಚಿಸಿದೆ. ಹೆಂಡತಿಗೆ ಜಾಗದ ಗುರುತು ಹೇಳಿದವನೂ ಅವನೇ.

ಹೆಂಡತಿ ಮತ್ತು ಮಗಳು ಸ್ಕೂಟಿಯ ಮೇಲೆ ಬಂದರು. ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಗೇರಿನ ಗಾಡಿಯನ್ನು ಅವಳಿಗೆ ನಾನೇ ಕಲಿಸಿದ್ದೆ. ಹೊರಡುವಾಗ ಕುರಿಗಾರ ತನ್ನ ದೇವರು ಬೀರಪ್ಪನ ಭಂಡಾರದ ಅರಿಷಿಣ ತಂದು ನನ್ನ ಹಣೆಗೆ ಒತ್ತಿದ. "ಹುಷಾರಿಲೆ ಹೋಗ್ರಿ" ಎಂದಷ್ಟೇ ಹೇಳಿದ. ಹೆಂಡತಿ ಸ್ಕೂಟಿ ಹಿಡಿದು ಮುಂದೆ ಹೋದಳು. ನಾನು ನನ್ನದೇ ಗಾಡಿಯ ಹಿಂದಿನ ಸೀಟಿನಲ್ಲಿ ಮೊದಲ ಸಲ ಕೂತೆ. ಮಗಳು ಮನೆಯಲ್ಲಿ ಓಡಾಡುವಷ್ಟು ಸಲೀಸಾಗಿ ಆ ಹೊಲದ ದಾರಿಯಲ್ಲಿ ಗಾಡಿ ಓಡಿಸುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಕೇಳಿದೆ:

"ನಿನಗ ಈಗ ಏನೇನ ಕಾಣಸ್ತೈತಿ?"

"ಅಂದ್ರ?"

"ಈ ಬೆಳಕಿನಾಗ. ಏನೇನ ಐತಿ ಹೇಳು."

ಅವಳಿಗೆ ಅದು ಆಟದಂತೆ ಅನ್ನಿಸಿರಬೇಕು. "ಎಡಕ್ಕ ಪೈಪು. ಬಲಕ್ಕ ಜ್ವಾಳ. ಅಕಾ ಅಲ್ಲಿ ಬೇಲಿಮ್ಯಾಲ ಯಾರೋ ಹಳೇ ಸೀರಿ ಕಟ್ಯಾರ, ಹಂದಿ ಬರಬಾರ್ದಂತ. ಅದರಾಚೆ ಒಂದ ಗುಡಸಲ... ಏ ಅಪ್ಪಾ, ಮೊಲ ನೋಡು, ಮೊಲ! ನೋಡಿದೇನು?"

"ಹೂಂ" ಎಂದೆ.

ನಾನು ಅವಳ ಭುಜದಾಚೆ ನೋಡಿದೆ. ಬಟ್ಟಲಿನಷ್ಟು ಬಿಳಿ, ಅದರಲ್ಲಿ ಎರಡು ಗಾಲಿಯ ಜಾಡು. ಪೈಪಿಲ್ಲ, ಜೋಳವಿಲ್ಲ, ಸೀರೆಯಿಲ್ಲ. ಬೆಳಕು ಎಂದೂ ಕಡಿಮೆ ಇರಲಿಲ್ಲ. ಹಳೆಯ ಬಲ್ಬಿದ್ದಾಗಲೂ ಇರಲಿಲ್ಲ. ಮನೆ ಬರುವವರೆಗೂ ಅವಳ ಬ್ಯಾಗಿನ ಪಟ್ಟಿಯನ್ನು ಹಿಡಿದುಕೊಂಡು ಕೂತಿದ್ದೆ.

ಮನೆಯಲ್ಲಿ ಮಗಳು ಒಳಗೆ ಹೋದ ಮೇಲೆ ಹೆಂಡತಿಗೆ ಹೇಳಿದೆ, "ಲೈಟ್ ಸರಿ ಐತಿ. ನನ್ನ ಕಣ್ಣ ಸರಿ ಇಲ್ಲ."

"ಗೊತ್ತೈತಿ" ಎಂದಳು.

"ಗೊತ್ತಿದ್ರ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಇನ್ನೊಂದ ಬಲ್ಬ್ ಹಾಕಸ್ತಿದ್ರಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಮೇಲೆ ಅವಳಿಗೆ ಅಷ್ಟು ಸಿಟ್ಟಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ನನ್ನನ್ನು ಕತ್ತಲೆ ಕೋಣೆಯ ಯಂತ್ರವೊಂದರ ಮುಂದೆ ಕೂರಿಸಿ, ಗಲ್ಲವನ್ನು ಪಟ್ಟಿಯ ಮೇಲೆ ಇರಿಸಿದರು. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಿಯಾದರೂ ಬೆಳಕು ಮಿನುಗಿದರೆ ಕೈಯಲ್ಲಿದ್ದ ಬಟನ್ ಒತ್ತಬೇಕು. ಮೊದಮೊದಲು ಕೆಲವು ಸಲ ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಮಿನುಗಲಿಲ್ಲ. ಯಂತ್ರ ಕೆಟ್ಟಿರಬೇಕೆಂದು, "ಬಂದ್ ಆತೇನ್ರಿ?" ಎಂದು ಕೇಳಿದೆ. "ಇಲ್ಲ ಸರ್, ನಡೀತಾ ಇದೆ" ಎಂದು ನರ್ಸ್ ಮೆಲ್ಲಗೆ ಹೇಳಿದಳು. ಆ ಮೆಲ್ಲಗಿನ ಧ್ವನಿಯಲ್ಲೇ ನನಗೆ ಎಲ್ಲ ತಿಳಿದುಹೋಯಿತು.

ಡಾಕ್ಟರು ಮೈಸೂರು ಕಡೆಯ ಹೆಣ್ಣುಮಗಳು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿ, "ನಿಮಗೆ ಇಷ್ಟರಲ್ಲೇ ಕಾಣಿಸುತ್ತಿದೆ. ಕಣ್ಣಿನ ಒಳಪದರ ಅಂಚಿನಿಂದ ಸವೆಯುತ್ತಾ ಬಂದಿದೆ. ಇದು ಇದ್ದಕ್ಕಿದ್ದ ಹಾಗೆ ಆಗಿದ್ದಲ್ಲ, ವರ್ಷಗಳಿಂದ ಆಗುತ್ತಾ ಬಂದಿದೆ" ಎಂದರು. ಕನ್ನಡಕದಿಂದ ಸರಿಹೋಗುವುದಿಲ್ಲ, ಆಪರೇಶನ್ನಿನಿಂದಲೂ ಇಲ್ಲ. ನಿಧಾನವಾಗಿ ಹೋಗುತ್ತದೆ, ಎಷ್ಟು ನಿಧಾನವೆಂದು ಹೇಳಲಾಗುವುದಿಲ್ಲ.

"ಗಾಡಿ ಓಡಿಸಬೇಡಿ" ಎಂದರು.

"ಸಂಜಿ ಮುಂದ ಓಡ್ಸೂದಿಲ್ರಿ."

"ಹಗಲೂ ಬೇಡ. ಪಕ್ಕದಿಂದ ಮಗು ಓಡಿ ಬಂದರೆ ನಿಮಗೆ ಕಾಣುವುದಿಲ್ಲ."

ನಾನು ತಲೆಯಾಡಿಸಿದೆ. ಅವರು ಮತ್ತೆ ಕೇಳಿದರು, "ಸಂಬಂಧದಲ್ಲಿ ಮದುವೆ ಆಗಿದ್ದೀರಾ?"

ಹೆಂಡತಿ ನನ್ನ ಸೋದರಮಾವನ ಮಗಳು. ಇಬ್ಬರೂ ಹೌದೆಂದೆವು.

"ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ?"

"ಇಲ್ರಿ, ಯಾರಿಗೂ ಇಲ್ಲ" ಎಂದೆ.

"ನಮ್ಮ ಅತ್ತಿಯವ್ರಿಗೆ ಐತ್ರಿ" ಎಂದಳು ಹೆಂಡತಿ. ಅವಳು ಹೇಳಿದ್ದು ನನ್ನ ತಾಯಿಯ ವಿಷಯ. ನಾನು ತಿರುಗಿ ಅವಳನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಮಗಳನ್ನೂ ಒಮ್ಮೆ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದಾಗ ಹೆಂಡತಿ ಬಾಗಿಲು ತೆಗೆದು ಹೊರಗೆ ಹೋಗಿ ನಿಂತಳು.

ಅವ್ವ ಬಾದಾಮಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಮುಂದಿನ ಭಾನುವಾರ ಬಸ್ಸಿನಲ್ಲಿ ಹೋದೆವು. ಅಣ್ಣ ಅಂಗಡಿಗೆ ಹೋಗಿದ್ದ, ಅವನ ಹೆಂಡತಿ, ನಮ್ಮ ವೈನಿ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕಾಯನ್ನು ನೋಡದೆಯೇ ಬಿಡಿಸುತ್ತಿದ್ದಳು. ಎಷ್ಟು ವರ್ಷಗಳಿಂದ ಹಾಗೆಯೇ ಬಿಡಿಸುತ್ತಿದ್ದಳೋ, ನಾನು ಗಮನಿಸಿದ್ದು ಆ ದಿನ. ನಮ್ಮ ಸಣ್ಣಂದಿನಲ್ಲಿ ಹೊತ್ತು ಮುಳುಗುವ ಮೊದಲೇ ಅವಳ ಅಡುಗೆ ಮುಗಿದಿರುತ್ತಿತ್ತು. ದೀಪ ಹಚ್ಚಿದ ಮೇಲೆ ಅವಳು ಹೊಸ್ತಿಲು ದಾಟುತ್ತಿರಲಿಲ್ಲ. ಬಲು ನೇಮದ ಹೆಂಗಸು ಎಂದು ಓಣಿಯವರು ಹೊಗಳುತ್ತಿದ್ದರು. ಸಂಜೆಯಾದರೆ ಬಸವಣ್ಣನ ಫೋಟೋದ ಮುಂದೆ ಕೂತವಳು ಅಲ್ಲಿಂದ ಏಳುತ್ತಿರಲಿಲ್ಲ.

"ಅವ್ವಾ, ನಿನಗ ಸಂಜಿ ಮುಂದ ಕಣ್ಣ ಕಾಣಸೂದಿಲ್ಲೇನು?" ಎಂದು ಕೇಳಿದೆ.

"ಕತ್ತಲಾದ ಮ್ಯಾಲ ಯಾರಿಗೆ ಕಾಣಸ್ತೈತೋ ತಮ್ಮಾ?" ಎಂದಳು.

"ಬ್ಯಾರೇದವ್ರಿಗೆ ಕಾಣಸ್ತೈತಿ. ಬೆಳದಿಂಗಳಾಗ ದಾರಿ ಕಾಣಸ್ತೈತಿ. ದೀಪದ ಬೆಳಕಿನಾಗ ಮೂಲಿ ಕಾಣಸ್ತೈತಿ."

ಅವಳ ಕೈ ನಿಂತಿತು. "ಖರೇನೇನು?" ಎಂದಳು. ನನ್ನನ್ನಲ್ಲ, ನನ್ನ ಹೆಂಡತಿಯನ್ನು ಕೇಳಿದಳು. "ಖರೇನ ಅತ್ತಿ" ಎಂದಳು ಅವಳು. ಅವ್ವ ಕೈಯಲ್ಲಿದ್ದ ಕಾಯನ್ನು ಬುಟ್ಟಿಗೆ ಹಾಕಿದಳು. "ನಾ ಎಲ್ಲಾರಿಗೂ ಹಂಗs ಅಂತ ತಿಳ್ಕೊಂಡಿದ್ನಿ. ಎಲ್ಲಾರೂ ಗ್ವಾಡಿ ಹಿಡಕೊಂಡs ಅಡ್ಡಾಡ್ತಾರ, ನನಗಷ್ಟ ಹೆದರಿಕಿ ಜಾಸ್ತಿ ಅಂತ ಮಾಡಿದ್ನಿ" ಎಂದಳು. ಆಮೇಲೆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಕೈ ಚಾಚಿ ಹುಡುಕಿ ನನ್ನ ಮುಖ ಮುಟ್ಟಿದಳು. "ನಿನಗೂ ಕೊಟ್ನೇನೋ" ಎಂದಳು. ನಾನು ಆ ಕೈ ಹಿಡಿದುಕೊಂಡೆ. ವೈನಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತವಳು, ಒಳಗೆ ಬರದೆ ಹಿತ್ತಲಿಗೆ ಹೋದಳು.

ಮಗಳು ಮೊದಲು ಬರುವುದಿಲ್ಲವೆಂದಳು. "ನನಗ ಎಲ್ಲಾ ಕಾಣಸ್ತೈತಿ. ನಾನs ಅಲ್ಲೇನು ನಿಮ್ಮನ್ನ ಕರಕೊಂಡ ಬಂದಾಕಿ?" ಅವಳ ತಾಯಿ ಅತ್ತಳು, ಬೈದಳು, ಮಾತು ಬಿಟ್ಟಳು. ಕೊನೆಗೆ ಪರೀಕ್ಷೆ ಮುಗಿದ ಮೇಲೆ ಬರುತ್ತೇನೆಂದು ಒಪ್ಪಿ, ಹೇಳಿದಂತೆ ಬಂದಳು. ಅದೇ ಕತ್ತಲೆ ಕೋಣೆಯ ಹೊರಗೆ ನಾವಿಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ಒಳಗಿನಿಂದ ಬಟನ್ ಒತ್ತುವ ಟಕ್ ಟಕ್ ಕೇಳುತ್ತಿತ್ತು. ಸದ್ದು ನಿಂತಾಗಲೆಲ್ಲ ಹೆಂಡತಿ ನನ್ನ ಕೈ ಹಿಂಡುತ್ತಿದ್ದಳು. ಸದ್ಯಕ್ಕೆ ಇವಳ ಕಣ್ಣಿನಲ್ಲಿ ಯಾವ ದೋಷವೂ ಇಲ್ಲ ಎಂದರು ಡಾಕ್ಟರು. ಆದರೆ ಕೆಲವರಲ್ಲಿ ತಡವಾಗಿ ಶುರುವಾಗುತ್ತದೆ, ವರ್ಷಕ್ಕೊಮ್ಮೆ ತೋರಿಸುತ್ತಿರಿ ಎಂದೂ ಹೇಳಿದರು. ಹೊರಗೆ ಬಂದು ಮಗಳು ಕಬ್ಬಿನ ಹಾಲು ಕುಡಿಯೋಣ ಎಂದಳು. ಮೂವರೂ ನಿಂತು ಕುಡಿದೆವು.

ಈಗ ನಾನು ಹುನಗುಂದದ ಕಚೇರಿಯೊಳಗೆ ಕೂರುವ ಕೆಲಸದಲ್ಲಿದ್ದೇನೆ. ಮೇಲಿನವರು ಒಳ್ಳೆಯವರು, ಕೇಳಿದ ಕೂಡಲೇ ಬದಲಿಸಿಕೊಟ್ಟರು. ಬೆಳಿಗ್ಗೆ ಬಸ್ಸು, ಸಂಜೆಯ ಬಿಸಿಲಿರುವಾಗಲೇ ಬಸ್ಸು. ಟೇಬಲ್ಲಿನ ಮೇಲೆ ಲಸಿಕೆಯ ಲೆಕ್ಕ, ಮೇವಿನ ಲೆಕ್ಕ. ಕಿಟಕಿಯಾಚೆ ಯಾರಾದರೂ ಎಮ್ಮೆ ಹಿಡಿದುಕೊಂಡು ಬಂದರೆ ಅದರ ವಾಸನೆಗೆ ಎದ್ದು ಹೋಗಿ ಬೆನ್ನು ಸವರಿ ಬರುತ್ತೇನೆ. ಹಳ್ಳಿಯವರು ಇನ್ನೂ ಫೋನು ಮಾಡುತ್ತಾರೆ. "ಈಗ ನಾ ಬರೂದಿಲ್ರಿ, ನನಗ ಕಣ್ಣ ಕಾಣಸೂದಿಲ್ಲ" ಎಂದು ನೇರವಾಗಿ ಹೇಳುತ್ತೇನೆ. ಅದನ್ನು ಹೇಳಲು ಕಲಿತ ಮೇಲೆ ಸುಳ್ಳು ನೆನಪಿಡುವ ಕೆಲಸ ತಪ್ಪಿದೆ, ಅದೊಂದೇ ಆದ ಉಪಕಾರ. ಗಾಡಿಯನ್ನು ಮಗಳು ಓಡಿಸುತ್ತಾಳೆ. ಹಳದಿ ಲ್ಯಾಂಪುಗಳನ್ನು ಬಿಚ್ಚಿಸಿದಳು. ಎಲ್‌ಇಡಿಯನ್ನು ಮಿಸ್ತ್ರಿಯಿಂದ ತಗ್ಗಿಸಿಕೊಂಡು ಬಂದು, ಈಗ ಯಾರೂ ಬೈಯುವುದಿಲ್ಲ ಎಂದಳು.

ಮನೆಯ ಮೂಲೆಮೂಲೆಗೂ ಹೆಂಡತಿ ಬಲ್ಬು ಹಾಕಿಸಿದ್ದಾಳೆ. ಸಂಜೆಯಾದರೆ ನಮ್ಮ ಮನೆ ಅಂಗಡಿಯಂತೆ ಹೊಳೆಯುತ್ತದೆ. ಆದರೂ ಒಮ್ಮೊಮ್ಮೆ ಕರೆಂಟು ಹೋಗುತ್ತದೆ. ಆಗ ನಾನು ಇದ್ದಲ್ಲೇ ಕೂರುತ್ತೇನೆ. ಕೂತು, ಮಗಳ ಹೆಜ್ಜೆಗೆ ಕಿವಿಗೊಡುತ್ತೇನೆ. ಅವಳು ಕೋಣೆಯಿಂದ ಅಡುಗೆಮನೆಗೆ ಬರುತ್ತಾಳೆ. ಅಡುಗೆಮನೆಯ ಹೊಸ್ತಿಲು ಎತ್ತರ. ಅಲ್ಲಿ ಅವಳ ಹೆಜ್ಜೆ ತಡೆಯುತ್ತದೆಯೇ, ಕೈಯೇನಾದರೂ ಗೋಡೆ ಸವರುತ್ತದೆಯೇ ಎಂದು ಉಸಿರು ಹಿಡಿದು ಕೇಳುತ್ತೇನೆ. ಹೆಂಡತಿಯೂ ಪಕ್ಕದಲ್ಲಿ ಹಾಗೆಯೇ ಕೂತಿರುತ್ತಾಳೆ ಎಂದು ನನಗೆ ಗೊತ್ತು, ನಾವು ಅದನ್ನು ಮಾತಾಡುವುದಿಲ್ಲ. ಮೊನ್ನೆಯೂ ಹೀಗೇ ಆಯಿತು. ಹೊಸ್ತಿಲ ಹತ್ತಿರ ಅವಳ ಹೆಜ್ಜೆ ನಿಂತಿತು.

"ಯಾಕ ನಿಂತಿ?" ಎಂದೆ, ಸ್ವಲ್ಪ ಜೋರಾಗಿಯೇ.

"ಮೆಸೇಜ್ ಬಂದೈತಪ್ಪಾ, ಓದಾಕತ್ತೇನಿ" ಎಂದು ಅವಳು ಹೊಸ್ತಿಲು ದಾಟಿ ಒಳಗೆ ಹೋದಳು.